ದೊಡ್ಡ ವರದಿಯನ್ನು ಓದುಗರ ಕೈಗೆ ಮುಟ್ಟಿಸುವ ಬಗೆ

ಗ್ರೂಪಿನಲ್ಲಿ ‘ತಪ್ಪದೇ ಓದಿ, ಎಲ್ಲರಿಗೂ ಹಂಚಿ’ ಎಂದು ಬರೆದು ಹಾಕಿದ ಲಿಂಕನ್ನು ತೆರೆಯುವವರು ಕಡಿಮೆ. ತೆರೆದರೂ ಕೊನೆ ಮುಟ್ಟುವವರು ಇನ್ನೂ ಕಡಿಮೆ. ಅದೇ ಬರಹವನ್ನು, ‘ಕಾಕಾ, ಊರಾಗಿನ ದೇವಣಿ ತಳಿ ಹೋರಿ ಎಲ್ಲಾ ಎಲ್ಲಿ ಹ್ವಾದವು ಅಂತ ಮೊನ್ನೆ ಕೇಳಿದ್ರಲ್ಲ, ಅಂಥದ್ದೇ ಸಂಗತಿ ಇದರಾಗ ಅದ, ನೋಡ್ರಿ’ ಎಂದು ಕೈಗೆ ಕೊಟ್ಟರೆ ಕಾಕಾ ಕನ್ನಡಕ ಹುಡುಕುತ್ತಾರೆ.

ನಾನು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಬೋರ್ಡಿನ ಮೇಲೆ ಈಗ ‘ಅರಿವು ಕೇಂದ್ರ’ ಎಂದಿದೆ, ಊರವರ ಬಾಯಲ್ಲಿ ಇನ್ನೂ ಲೈಬ್ರರಿ, ನಾನು ಲೈಬ್ರರಿ ಅಕ್ಕ. ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರು, ಪಿಡಿಒ, ಎಫ್‌ಡಿಎ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಶಾಲೆ ಬಿಟ್ಟ ಮೇಲೆ ನುಗ್ಗುವ ಮಕ್ಕಳು, ಆಗಾಗ ಆಶಾ ಕಾರ್ಯಕರ್ತೆಯರು, ಹಬ್ಬಕ್ಕೆ ಪುಣೆ-ಮುಂಬೈಯಿಂದ ಬಂದ ಗೌಂಡಿ ಕೆಲಸದವರು ನನ್ನ ಓದುಗರು. ಇವರ ಕೈಗೆ ದೊಡ್ಡ ವರದಿಗಳನ್ನು ಮುಟ್ಟಿಸುವುದು ನನಗೆ ಬಹಳ ಪ್ರೀತಿಯ ಕೆಲಸ. ನೀವು ಲೈಬ್ರರಿ ನಡೆಸದಿದ್ದರೂ ಸರಿ. ಮನೆಯಲ್ಲಿ, ಶಾಲೆಯಲ್ಲಿ, ಬ್ಯಾಂಕಿನಲ್ಲಿ, ನಾಲ್ಕು ಜನ ಓದುವ ಗೆಳೆಯರ ನಡುವೆ ಇದೇ ಕೆಲಸ ಮಾಡಬಹುದು. ಹೇಗೆ ಮಾಡಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ವರದಿ ಎಂದರೆ ಪುಟಗಟ್ಟಲೆ ಇರುವ ಎಲ್ಲ ಬರಹವೂ ಅಲ್ಲ. ವರದಿಗಾರರು ಒಂದು ಜಾಗಕ್ಕೆ ಹೋಗಿ, ಅಲ್ಲಿ ಉಳಿದು, ಹಲವರ ಜೊತೆ ಮಾತಾಡಿ, ಕಾಗದಪತ್ರ ನೋಡಿ, ಮತ್ತೆ ಹೋಗಿ, ಆಮೇಲೆ ನಿಧಾನಕ್ಕೆ ಬರೆದದ್ದು. ಸಂಪಾದಕೀಯ ಬೇರೆ, ಅಂಕಣ ಬೇರೆ, ಯಾರದೋ ಭಾಷಣದ ಬರಹರೂಪ ಬೇರೆ. ಅವೂ ಒಳ್ಳೆಯವಿರಬಹುದು. ಆದರೆ ಓದುಗರಿಗೆ ಕೊಡುವಾಗ ಯಾವುದು ಯಾವುದೆಂದು ನಮಗೆ ಮೊದಲು ಗೊತ್ತಿರಬೇಕು.

ಪೂರ್ತಿ ಓದದೆ ಯಾರಿಗೂ ಕೊಡಬೇಡಿ

ಇದರಲ್ಲಿ ರಿಯಾಯಿತಿ ಇಲ್ಲ. ಶೀರ್ಷಿಕೆ ಮತ್ತು ಮೊದಲ ಎರಡು ಪ್ಯಾರಾ ಓದಿ ಮುಂದೆ ಕಳಿಸಿದರೆ ನಿಮ್ಮ ಮಾತಿನ ಮೇಲೆ ನಂಬಿಕೆ ಇಟ್ಟು ಒಬ್ಬರು ತಮ್ಮ ಒಂದು ಸಂಜೆಯನ್ನು ಖರ್ಚು ಮಾಡುತ್ತಾರೆ. ದಿನವಿಡೀ ಹೊಲದಲ್ಲಿ ದುಡಿದವರ ಸಂಜೆ ಅದು. ನಾನು ಪೆನ್ಸಿಲ್ ಹಿಡಿದು ಓದುತ್ತೇನೆ. ಮೊಬೈಲಿನಲ್ಲಾದರೆ ಪಕ್ಕದಲ್ಲಿ ಒಂದು ಹಾಳೆ ಇರುತ್ತದೆ.

ಓದುವಾಗ ನಾನು ಹುಡುಕುವುದು ಕೆಲವೇ ಸಂಗತಿ. ಬರೆದವರು ಆ ಜಾಗಕ್ಕೆ ಹೋಗಿದ್ದರೇ? ಊರಿನ ಹೆಸರು, ತಿಂಗಳು, ಹೊಲ, ದವಾಖಾನೆ, ಬಸ್ ನಿಲ್ದಾಣ ಯಾವುದಾದರೂ ಕಣ್ಣಿಗೆ ಕಾಣುವಂತೆ ಬಂದಿದೆಯೇ, ಅಥವಾ ಎಲ್ಲವೂ ‘ತಜ್ಞರು ಹೇಳುತ್ತಾರೆ’ ಎಂದೇ ಇದೆಯೇ? ಕಷ್ಟ ಅನುಭವಿಸಿದವರು ತಾವೇ ಮಾತಾಡುತ್ತಾರೆಯೇ, ಅವರ ಪರವಾಗಿ ಬೇರೆಯವರು ಮಾತಾಡುತ್ತಿದ್ದಾರೆಯೇ? ಯಾರ ಮೇಲೆ ದೂರು ಇದೆಯೋ ಅವರನ್ನೂ ಕೇಳಿದ್ದಾರೆಯೇ? ಅಂಕಿಸಂಖ್ಯೆ ಎಲ್ಲಿಂದ ಬಂತು ಎಂದು ಹೇಳಿದ್ದಾರೆಯೇ? ಕೊನೆಗೆ ತಾರೀಖು. ತಾರೀಖಿಲ್ಲದ, ಬರೆದವರ ಹೆಸರಿಲ್ಲದ ಬರಹ ಎಷ್ಟೇ ಚೆನ್ನಾಗಿದ್ದರೂ ನಾನು ಯಾರ ಕೈಗೂ ಕೊಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಎಷ್ಟೋ ಬರಹಗಳು ಈ ಒಂದು ಜರಡಿಯಲ್ಲೇ ನಿಂತುಬಿಡುತ್ತವೆ.

ಇನ್ನೊಂದನ್ನು ನನ್ನೊಳಗೇ ಕೇಳಿಕೊಳ್ಳುತ್ತೇನೆ: ಇದು ನನಗೆ ಬರೀ ಸಿಟ್ಟು ತರಿಸಿತೋ, ಗೊತ್ತಿಲ್ಲದ್ದನ್ನು ತಿಳಿಸಿತೋ? ಸಿಟ್ಟು ಬರಿಸುವುದು ಸುಲಭ. ಓದಿ ಮುಗಿಸಿದ ಮೇಲೆ ‘ಹಾಗಾದರೆ ಇದು ಹೇಗೆ ನಡೆಯಿತು’ ಎಂದು ಇನ್ನೊಬ್ಬರಿಗೆ ಬಿಡಿಸಿ ಹೇಳಲು ಬಂದರೆ ಆ ವರದಿ ಕೊಡಲು ಯೋಗ್ಯ.

ಮೇಲೆ ಹೇಳಿದ ಹೋರಿಯ ಸಂಗತಿಯನ್ನೇ ನೋಡಿ. ಪತ್ರಕರ್ತ ಪಿ. ಸಾಯಿನಾಥ್ 1990ರ ದಶಕದಲ್ಲಿ ದೇಶದ ಅತ್ಯಂತ ಬಡ ಜಿಲ್ಲೆಗಳಲ್ಲಿ ತಿರುಗಿ ಬರೆದ ವರದಿಗಳು 1996ರಲ್ಲಿ ಪುಸ್ತಕವಾದವು. ಕನ್ನಡದಲ್ಲಿ ಜಿ. ಎನ್. ಮೋಹನ್ ಅದನ್ನು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ತಂದಿದ್ದಾರೆ. ಅದರಲ್ಲಿ ಒಡಿಶಾದ ನುವಾಪಾಡ ಕಡೆಯ ಒಂದು ವರದಿ ಇದೆ. ಹಾಲು ಹೆಚ್ಚಿಸಬೇಕೆಂದು ಸರ್ಕಾರಿ ಯೋಜನೆ ಬರುತ್ತದೆ. ಬಡವರಿಗೆ ಆಕಳು ಕೊಟ್ಟು ಜರ್ಸಿ ತಳಿಯ ವೀರ್ಯ ಹಾಕಿಸುತ್ತಾರೆ. ಊರ ಹೋರಿಗಳು ನಡುವೆ ಬಂದು ತಳಿ ಕೆಡಿಸಬಾರದೆಂದು ಅವುಗಳ ಬೀಜ ಒಡೆಯುತ್ತಾರೆ. ಹುಟ್ಟಿದ ಮಿಶ್ರತಳಿ ಕರು ಬೆರಳೆಣಿಕೆ, ಹಾಲು ಹೆಚ್ಚಲಿಲ್ಲ, ಖರಿಯಾರ್ ಎಂಬ ಆ ಸೀಮೆಯ ತಳಿಯ ಹೋರಿ ಮಾತ್ರ ಆ ಊರುಗಳಿಂದ ಕಾಣೆಯಾಯಿತು. ಇಡೀ ವರದಿಯಲ್ಲಿ ಯಾರನ್ನೂ ಕಳ್ಳ ಎಂದು ಬೈದಿಲ್ಲ. ಒಂದು ಒಳ್ಳೆಯ ಉದ್ದೇಶ ಹೆಜ್ಜೆ ಹೆಜ್ಜೆಯಾಗಿ ಹೇಗೆ ಹಾಳಾಯಿತು ಎಂದು ತೋರಿಸಿದ್ದಾರೆ. ನಮ್ಮ ಸೀಮೆಯಲ್ಲಿ, ಬೀದರ್-ಆಳಂದ-ಲಾತೂರ್ ಕಡೆ, ದೇವಣಿ ಜೋಡಿ ಕಟ್ಟಿದ ರೈತರಿಗೆ ಈ ವರದಿ ಕೊಟ್ಟರೆ ಒಡಿಶಾ ದೂರ ಅನ್ನಿಸುವುದಿಲ್ಲ.

ವಹಿಯಲ್ಲಿ ಪ್ರಶ್ನೆ ಬರೆದಿಡಿ

ಯಾರು ಯಾವ ಪುಸ್ತಕ ಒಯ್ದರು ಎಂಬ ರಿಜಿಸ್ಟರ್ ಎಲ್ಲ ಲೈಬ್ರರಿಯಲ್ಲೂ ಇರುತ್ತದೆ. ಅದರ ಜೊತೆ ನಾನು ಇನ್ನೊಂದು ವಹಿ ಇಟ್ಟಿದ್ದೇನೆ. ಒಬ್ಬರಿಗೆ ಒಂದು ಪುಟ. ಅದರಲ್ಲಿ ಅವರು ಓದಿದ ಪುಸ್ತಕದ ಹೆಸರು ಬರೆಯುವುದಿಲ್ಲ, ಮಾತಿನ ನಡುವೆ ಅವರು ಕೇಳಿದ ಪ್ರಶ್ನೆ ಬರೆಯುತ್ತೇನೆ. ‘ಸೈಕಲ್ ಕೊಡೋದು ಯಾಕ ನಿಲ್ಲಿಸಿದ್ರು?’ ‘ಬೀಸೋ ಪದ ಈಗ ಯಾರೂ ಹಾಡಂಗಿಲ್ಲ.’ ‘ಒಂದೇ ಸಾಲಿನ ಉತ್ತರ ಎಷ್ಟು ಬಾಯಿಪಾಠ ಮಾಡಬೇಕ್ರಿ ಅಕ್ಕಾ, ತಲ್ಯಾಗ ನಿಲ್ಲಂಗಿಲ್ಲ.’ ಇವು ಓದುವ ಹಂಬಲದಿಂದ ಹೇಳಿದ ಮಾತುಗಳಲ್ಲ, ಪೇಪರ್ ಮಡಚಿಡುವಾಗ, ನೀರು ಕುಡಿಯುವಾಗ ಬಂದವು. ವರದಿ ಓದುವಾಗ ನನಗೆ ಆ ಪುಟಗಳು ನೆನಪಿಗೆ ಬರುತ್ತವೆ. ವರದಿ ಮೊದಲು ಸಿಕ್ಕು ಆಮೇಲೆ ಓದುಗರನ್ನು ಹುಡುಕುವುದಕ್ಕಿಂತ ಹೀಗೆ ಹೋದರೆ ಕೆಲಸ ಹಗುರ.

ಸೈಕಲ್ ಮಾತು ಕೇಳಿದವಳು ಡಿಗ್ರಿ ಓದುವ ಹುಡುಗಿ. ನಮ್ಮ ರಾಜ್ಯದಲ್ಲಿ 2006–07ರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದರು. ಅವಳ ಅಕ್ಕನಿಗೆ ಸಿಕ್ಕಿತ್ತು, ಅವಳ ಸರದಿ ಬರುವಷ್ಟರಲ್ಲಿ ನಿಂತಿತ್ತು. ಅವಳಿಗೆ ನಾನು ಕೊಟ್ಟದ್ದು ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಹೆಂಗಸರು ಸೈಕಲ್ ಕಲಿತ ಬಗ್ಗೆ ಸಾಯಿನಾಥ್ ಬರೆದ ವರದಿ. 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಅಲ್ಲಿ ಸೈಕಲ್ ಕಲಿಕೆ ನಡೆಯಿತು. ಹಳ್ಳಿಯ ಸಾವಿರಾರು ಹೆಣ್ಣುಮಕ್ಕಳು, ಕಲ್ಲು ಕ್ವಾರಿಯ ಕೂಲಿಗಳು, ಅಂಗನವಾಡಿಯವರು ಕಲಿತರು. ಅದರಲ್ಲಿ ಒಂದು ಸಣ್ಣ ವಿವರ ಇದೆ: ಲೇಡೀಸ್ ಸೈಕಲ್ ಸಾಲದೆ ಹೋದಾಗ ಹೆಂಗಸರು ಜೆಂಟ್ಸ್ ಸೈಕಲನ್ನೇ ಕೊಂಡರು, ಸೀಟಿನಿಂದ ಹ್ಯಾಂಡಲ್‌ವರೆಗಿನ ಅಡ್ಡ ಸಲಾಕೆಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು ಎಂಬ ಅನುಕೂಲವೂ ಅವರಿಗೆ ಕಂಡಿತು. ಆ ಹುಡುಗಿ ಈ ಒಂದು ವಿವರವನ್ನು ಮನೆಯಲ್ಲಿ ತಾಯಿಗೆ ಹೇಳಿದಳು, ತಾಯಿ ಮಿಕ್ಕಿದ್ದನ್ನು ಓದಿಸಿಕೊಂಡರು.

ಪರೀಕ್ಷೆಯ ಹುಡುಗರಿಗೆ ದೊಡ್ಡ ವರದಿ ಕೊಡುವುದು ಕಷ್ಟ. ಸಮಯ ಹಾಳು ಎನ್ನುತ್ತಾರೆ. ಅವರ ಜೊತೆ ವಾದ ಮಾಡಬೇಡಿ. ಅವರು ಆಗಲೇ ಬಾಯಿಪಾಠ ಮಾಡಿದ ಒಂದು ಸಾಲಿನಿಂದಲೇ ಹೊರಡಿ. ‘ಭೋಪಾಲ್ ಅನಿಲ ದುರಂತ, 1984, ಮೀಥೈಲ್ ಐಸೋಸೈನೇಟ್’ ಎಲ್ಲರಿಗೂ ಬರುತ್ತದೆ. ‘ಇದು ಆಗೋಕಿಂತ ಮೊದಲೇ ಒಬ್ರು ಬರದಿದ್ರು, ಗೊತ್ತೇನ್ ತಮ್ಮಾ?’ ಎಂದು ನಾನು ಕೇಳುತ್ತೇನೆ. ರಾಜ್‌ಕುಮಾರ್ ಕೇಸ್ವಾನಿ ಭೋಪಾಲದ ಪತ್ರಕರ್ತರು. ಮುಂದೆ ದುರಂತ ನಡೆದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಪರಿಚಯದವರೊಬ್ಬರು 1981ರ ಡಿಸೆಂಬರಿನಲ್ಲಿ ಫಾಸ್ಜೀನ್ ಎಂಬ ವಿಷಾನಿಲದ ಸೋರಿಕೆಗೆ ಬಲಿಯಾದ ಮೇಲೆ ಅವರು ಆ ಕಾರ್ಖಾನೆಯ ಸುರಕ್ಷತೆಯ ಬಗ್ಗೆ ಕಾಗದಪತ್ರ ಹುಡುಕುತ್ತ ಹೋದರು. 1982ರಲ್ಲಿ ‘ರಪಟ್’ ಎಂಬ ತಮ್ಮ ಪುಟ್ಟ ವಾರಪತ್ರಿಕೆಯಲ್ಲಿ ಊರಿಗೆ ಅಪಾಯ ಕಾದಿದೆ ಎಂದು ಸಾಲಾಗಿ ಬರೆದರು. 1984ರ ಜೂನ್‌ನಲ್ಲಿ ‘ಜನಸತ್ತಾ’ ಎಂಬ ಹಿಂದಿ ದಿನಪತ್ರಿಕೆಯಲ್ಲಿ ಮತ್ತೆ ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಿಸೆಂಬರ್ 2ರ ರಾತ್ರಿ ಅನಿಲ ಸೋರಿತು. ಇಷ್ಟು ಹೇಳಿ ಕೇಸ್ವಾನಿಯವರ ಬಗ್ಗೆ ಇರುವ ಬರಹವನ್ನು ಮೇಜಿನ ಮೇಲೆ ಇಟ್ಟು ನಾನು ನನ್ನ ಕೆಲಸಕ್ಕೆ ಹೋಗುತ್ತೇನೆ. ಒಮ್ಮೆ ಇದನ್ನು ಓದಿದವರಿಗೆ ಆ ಒಂದು ಸಾಲು ಬಾಯಿಪಾಠ ಬೇಕಾಗುವುದಿಲ್ಲ. ಪ್ರಬಂಧದ ಪರೀಕ್ಷೆಗೂ ಉಪಯೋಗಕ್ಕೆ ಬರುತ್ತದೆ ಎಂದು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅವರ ಕಷ್ಟ ನಿಜವಾದದ್ದು.

ಬೀಸುವ ಪದದ ಮಾತು ಆಡಿದವರು ಓದಲು ಬಾರದ ಒಬ್ಬ ಆಯಿ. ಮೊಮ್ಮಗನನ್ನು ಕರೆಯಲು ಬಂದವರು ಪಡಸಾಲೆಯಲ್ಲಿ ಕೂತಿದ್ದರು. ತವರು ಉಮರ್ಗಾ ಕಡೆ, ಮರಾಠಿ ತಾಯಿನುಡಿ. ಇಂಥವರಿಗೆ ಏನು ಕೊಡುತ್ತೀರಿ? ‘ಪರಿ’ ಎಂಬ ಜಾಲತಾಣ ಇದೆ, ಗ್ರಾಮೀಣ ಭಾರತದ ಜನತೆಯ ಪತ್ರಾಗಾರ, 2014ರ ಡಿಸೆಂಬರಿನಲ್ಲಿ ಸಾಯಿನಾಥ್ ಆರಂಭಿಸಿದ್ದು. ಅದರಲ್ಲಿ ಮಹಾರಾಷ್ಟ್ರದ ಹಳ್ಳಿಗಳ ಬೀಸುವ ಪದಗಳ ದೊಡ್ಡ ಸಂಗ್ರಹ ಇದೆ. ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವಾಂ 1980ರ ದಶಕದಿಂದ ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಒಂದು ಲಕ್ಷಕ್ಕೂ ಹೆಚ್ಚು ಪದಗಳ ಮೇಲೆ ಅದು ನಿಂತಿದೆ. ಹಾಡಿದ ಹೆಂಗಸಿನ ಹೆಸರು, ಊರು, ಅವಳ ಬದುಕಿನ ನಾಲ್ಕು ಸಂಗತಿ, ಧ್ವನಿ ಎಲ್ಲ ಸಿಗುತ್ತದೆ. ನಾನು ಮೊಬೈಲಿನಲ್ಲಿ ಒಂದು ಪದ ಹಾಕಿದೆ. ಆಯಿ ಎರಡನೇ ಸಾಲಿಗೆ ತಾವೂ ದನಿಗೂಡಿಸಿದರು, ಮೂರನೇ ಸಾಲು ತಮ್ಮೂರಲ್ಲಿ ಬೇರೆ ಥರ ಇತ್ತೆಂದು ಹೇಳಿದರು. ಆಮೇಲೆ ಆ ಹಾಡಿದವರ ಬದುಕಿನ ಬಗ್ಗೆ ಬರೆದದ್ದನ್ನು ಮೊಮ್ಮಗ ಓದಿ ಹೇಳಿದ. ಓದಲು ಬಾರದವರನ್ನು ಓದುಗರ ಲೆಕ್ಕದಿಂದ ಬಿಡಬೇಡಿ. ದೊಡ್ಡ ವರದಿಯನ್ನು ಕೇಳಿಸಿಕೊಳ್ಳುವ ತಾಳ್ಮೆ ಅವರಲ್ಲಿ ನಮಗಿಂತ ಹೆಚ್ಚು.

‘ಪರಿ’ಯಲ್ಲಿ ಕನ್ನಡದ ವರದಿಗಳು ಪುಕ್ಕಟೆ ಸಿಗುತ್ತವೆ. ಲಾಭಕ್ಕಲ್ಲದೆ, ಬರೆದವರ ಹೆಸರು ಹಾಕಿ, ಏನೂ ಬದಲಿಸದೆ ಹಂಚಬಹುದು. ಹಾಗಾಗಿ ಪ್ರಿಂಟ್ ತೆಗೆದು ಇಡಲು ಅಂಜಿಕೆಯಿಲ್ಲ. ರೈತರಿಗೆ ಪುತ್ತೂರು ಕಡೆಯಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಒಳ್ಳೆಯದು. ಹೆಸರು ನೋಡಿ ನಮಗೇಕೆ ಅಡಿಕೆ ಎನ್ನಬೇಡಿ. ನೀರಿಂಗಿಸುವುದು, ಹಲಸು, ಬೆಳೆದವರೇ ಮಾರಾಟ ಮಾಡುವುದು, ಎಲ್ಲದರ ಬಗ್ಗೆ ರೈತರೇ ಬರೆಯುತ್ತಾರೆ. ‘ಸುಧಾ’, ‘ಮಯೂರ’, ಭಾನುವಾರದ ಪುರವಣಿಗಳಲ್ಲಿ ಬರುವ ಒಳ್ಳೆಯ ಬರಹಗಳನ್ನು ಕತ್ತರಿಸಿ ರಟ್ಟಿನ ಫೈಲಿನಲ್ಲಿ ಇಡಿ. ಅಂಚಿನಲ್ಲಿ ಪತ್ರಿಕೆಯ ಹೆಸರು, ತಾರೀಖು ಬರೆಯುವುದನ್ನು ಮಾತ್ರ ಮರೆಯಬೇಡಿ.

ಚೀಟಿ ಬರೆಯುವುದು

ವರದಿಯ ಜೊತೆ ನಾನು ಕೈಬರಹದ ಒಂದು ಚೀಟಿ ಕೊಡುತ್ತೇನೆ. ಮೊಬೈಲಿನಲ್ಲಿ ಕಳಿಸಿದರೂ ಅಷ್ಟೇ ಸಾಲು. ಒಂದು ಚೀಟಿ ಹೀಗಿದೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗುವ, ಇಂಗ್ಲಿಷ್ ಓದಬಲ್ಲ ಹುಡುಗನಿಗೆ ಬರೆದದ್ದು:

‘ಹಿರೋಶಿಮಾ. ಬರೆದವರು ಜಾನ್ ಹರ್ಸಿ. ನ್ಯೂಯಾರ್ಕರ್ ಪತ್ರಿಕೆ, 31 ಆಗಸ್ಟ್ 1946. ಬಾಂಬ್ ಬಿದ್ದ ಮರುವರ್ಷ ಜಪಾನಿಗೆ ಹೋಗಿ ಬದುಕುಳಿದ ಆರು ಜನರನ್ನು ಮಾತಾಡಿಸಿ ಬರೆದದ್ದು. ಮೊದಲಲ್ಲೇ ಆರೂ ಹೆಸರು ಒಟ್ಟಿಗೆ ಬರುತ್ತವೆ, ಗಾಬರಿ ಬೇಡ, ಮುಂದೆ ಒಬ್ಬೊಬ್ಬರಾಗಿ ಸಿಗುತ್ತಾರೆ. ನಾಲ್ಕು ಅಧ್ಯಾಯ, ದಿನಕ್ಕೊಂದು ಸಾಕು. ಎರಡನೆಯದರಲ್ಲಿ ಸುಟ್ಟ ಗಾಯದ ವಿವರ ಇದೆ, ಮಲಗುವ ಮುಂಚೆ ಓದಬೇಡ. ಟಿನ್ ಕಾರ್ಖಾನೆಯ ಗುಮಾಸ್ತೆ ಸಾಸಾಕಿಯ ಮೇಲೆ ಏನು ಬಿತ್ತು ನೋಡು, ಆಮೇಲೆ ಮಾತಾಡೋಣ.’

ಅವಳ ಮೇಲೆ ಬಿದ್ದದ್ದು ಪುಸ್ತಕದ ಕಪಾಟು. ಬೆಳಗಿನ 8 ಗಂಟೆ 15 ನಿಮಿಷಕ್ಕೆ ಅವಳು ಪಕ್ಕದ ಮೇಜಿನ ಹುಡುಗಿಯ ಕಡೆ ತಿರುಗುತ್ತಿದ್ದಳು. ಆ ಸಾಲು ಓದಿದ ದಿನದಿಂದ ಲೈಬ್ರರಿಯ ಕಪಾಟುಗಳನ್ನು ನಾನು ಬೇರೆ ಕಣ್ಣಿಂದ ನೋಡುತ್ತೇನೆ. ಅಣುಬಾಂಬಿನ ಶಕ್ತಿ ಎಷ್ಟು ಟನ್ ಎಂದು ಶಾಲೆಯಲ್ಲಿ ಓದಿದ್ದು ನೆನಪಿಲ್ಲ, ಇದು ಮರೆಯುವುದಿಲ್ಲ.

ಚೀಟಿಯಲ್ಲಿ ಹೊಗಳಿಕೆ ಬರೆಯಬೇಡಿ. ‘ಅದ್ಭುತ’, ‘ಕಣ್ಣು ತೆರೆಸುತ್ತದೆ’ ಎಂದು ಬರೆದರೆ ಓದುಗರಿಗೆ ಹಾಗೆ ಅನ್ನಿಸಲೇಬೇಕು ಎಂಬ ಒತ್ತಡ ಬೀಳುತ್ತದೆ. ಅನ್ನಿಸದಿದ್ದರೆ ನಮ್ಮ ಮುಂದೆ ಸುಳ್ಳು ಹೇಳುತ್ತಾರೆ. ನೀವು ಮುಟ್ಟಿದ ತೀರ್ಮಾನವನ್ನೂ ಬರೆಯಬೇಡಿ. ಯಾರು, ಯಾವಾಗ, ಎಲ್ಲಿಗೆ ಹೋಗಿ ಬರೆದರು, ಎಲ್ಲಿ ತೊಡಕು ಇದೆ, ಎಷ್ಟು ಹೊತ್ತು ಬೇಕು, ಯಾವ ಒಂದು ಕಡೆ ನಿಂತು ನೋಡಬೇಕು. ಇಷ್ಟಿದ್ದರೆ ಸಾಕು. ತೊಡಕನ್ನು ಮೊದಲೇ ಹೇಳುವುದು ಬಹಳ ಮುಖ್ಯ. ಮೂರನೇ ಪುಟದಲ್ಲಿ ಕಾನೂನಿನ ಕಲಂಗಳು ಸಾಲಾಗಿ ಬರುತ್ತವೆ ಎಂದು ಗೊತ್ತಿದ್ದವರು ಅದನ್ನು ದಾಟುತ್ತಾರೆ, ಗೊತ್ತಿಲ್ಲದವರು ‘ಇದು ನನ್ನಂಥವರಿಗಲ್ಲ’ ಎಂದು ಅಲ್ಲಿಯೇ ಇಟ್ಟುಬಿಡುತ್ತಾರೆ.

ಮೊಬೈಲಿನಲ್ಲಿ ಕಳಿಸುವಾಗ ಒಂದು ಸಲಕ್ಕೆ ಒಂದೇ. ಗ್ರೂಪಿಗೆ ಬೇಡ, ಆ ಒಬ್ಬರಿಗೆ ಕಳಿಸಿ. ಲಿಂಕು ತೆರೆಯುತ್ತದೆಯೇ ಎಂದು ನಿಮ್ಮದಲ್ಲದ ಇನ್ನೊಂದು ಫೋನಿನಲ್ಲಿ ನೋಡಿ. ದುಡ್ಡು ಕಟ್ಟಿದರೆ ಮಾತ್ರ ಓದಲು ಸಿಗುವಂಥದ್ದಾದರೆ ಮೊದಲೇ ತಿಳಿಸಿ. ಅಂಥ ಪತ್ರಿಕೆಗಳ ಕದ್ದ ಪಿಡಿಎಫ್ ಹಂಚಬೇಡಿ. ತಿಂಗಳುಗಟ್ಟಲೆ ತಿರುಗಿ ಬರೆಯುವವರ ಪ್ರಯಾಣದ ಖರ್ಚು ಆ ಚಂದಾದಿಂದಲೇ ಬರಬೇಕು. ನಮ್ಮಲ್ಲಿ ಸಂಜೆ ನೆಟ್‌ವರ್ಕ್ ಕೈಕೊಡುತ್ತದೆ, ಆದ್ದರಿಂದ ಪುಟವನ್ನು ಮೊದಲೇ ಇಳಿಸಿಕೊಂಡು ಇಡಲು ಕಲಿಸಿಕೊಡುತ್ತೇನೆ.

‘ಇಷ್ಟ್ ಉದ್ದ ಯಾರ್ ಓದಬೇಕ್ರಿ ಅಕ್ಕಾ?’

ಈ ಮಾತು ಬಂದೇ ಬರುತ್ತದೆ. ಉದ್ದವನ್ನು ಕಡಿಮೆ ಮಾಡಬೇಡಿ, ಅಂದರೆ ನೀವೇ ಸಾರಾಂಶ ಬರೆದು ಕೊಡಬೇಡಿ. ತುಂಡು ಮಾಡಿ ಕೊಡಿ. 1955ರಲ್ಲಿ ಕೊಲಂಬಿಯಾದ ‘ಎಲ್ ಎಸ್ಪೆಕ್ತಾದೋರ್’ ಪತ್ರಿಕೆಯಲ್ಲಿ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಸ್ ಒಬ್ಬ ನಾವಿಕನ ಕತೆಯನ್ನು 14 ಕಂತಿನಲ್ಲಿ ಬರೆದರು. ಹಡಗಿನಿಂದ ಸಮುದ್ರಕ್ಕೆ ಬಿದ್ದು 10 ದಿನ ತೆಪ್ಪದ ಮೇಲೆ ಅನ್ನ-ನೀರಿಲ್ಲದೆ ಬದುಕಿದವನ ಕತೆ. ಅವನು ಬಿದ್ದದ್ದು ಬಿರುಗಾಳಿಯಿಂದ ಎಂದು ಸರ್ಕಾರ ಹೇಳಿತ್ತು. ಬಿರುಗಾಳಿಯೇ ಇರಲಿಲ್ಲ, ನೌಕಾಪಡೆಯ ಹಡಗಿನ ಮೇಲೆ ಕಳ್ಳಸಾಗಣೆಯ ಸಾಮಾನು ಹೇರಿದ್ದರು ಎಂಬುದು ಆ ಕಂತುಗಳಲ್ಲಿ ಹೊರಬಿತ್ತು. ಜನ ಪ್ರತಿದಿನದ ಕಂತಿಗೆ ಕಾದರು. ಹರ್ಸಿಯ ಆ ಹಿರೋಶಿಮಾ ವರದಿಯನ್ನಂತೂ 1946ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಬಿಸಿ ರೇಡಿಯೊ ನಾಲ್ಕು ಸಂಜೆ ಪೂರ್ತಿಯಾಗಿ ಓದಿತು. ಉದ್ದದ ವರದಿಯನ್ನು ಜನ ಕೂತು ಕೇಳುತ್ತಾರೆ, ನಾಳೆ ಮುಂದಿನದು ಇದೆ ಎಂದು ಗೊತ್ತಿದ್ದರೆ.

ನಾವೂ ಹಾಗೇ ಮಾಡುತ್ತೇವೆ. ಸಂಜೆ ಅರ್ಧ ತಾಸು ಒಬ್ಬರು ದನಿ ತೆಗೆದು ಓದುತ್ತಾರೆ, ಉಳಿದವರು ಕೇಳುತ್ತಾರೆ. ಓದುವವರಿಗೆ ಹಿಂದಿನ ದಿನವೇ ಕಂತು ಕೊಟ್ಟಿರಬೇಕು, ಊರು-ಜನರ ಹೆಸರು ನಾಲಿಗೆಗೆ ಒಗ್ಗಿರಬೇಕು. ಮಾತು ಏರಿದ ಕಡೆ ನಿಲ್ಲಿಸಿ, ಮುಗಿದ ಕಡೆ ನಿಲ್ಲಿಸಬೇಡಿ.

ಕಾಲವನ್ನೂ ನೋಡಬೇಕು. ನಮ್ಮಲ್ಲಿ ಡಿಸೆಂಬರ್-ಜನವರಿ ಎಂದರೆ ತೊಗರಿ ರಾಶಿ. ಆಗ ಯಾರಿಗೂ ಎರಡು ಪುಟ ಓದುವ ಪುರಸೊತ್ತು ಇಲ್ಲ, ಮಾರುಕಟ್ಟೆಯ ಧಾರಣಿ ನೋಡಿ ಪೇಪರ್ ಇಡುತ್ತಾರೆ. ಜೂನ್-ಜುಲೈ ಬಿತ್ತನೆ. ಏಪ್ರಿಲ್-ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲಾಗದು. ಆಗ ಲೈಬ್ರರಿಯಲ್ಲಿ ಫ್ಯಾನಿನ ಕೆಳಗೆ ಜನ ಇರುತ್ತಾರೆ. ವರ್ಷದ ಅತಿ ಉದ್ದದ ವರದಿಗಳನ್ನು ನಾನು ಆ ಎರಡು ತಿಂಗಳಿಗೆ ಎತ್ತಿಡುತ್ತೇನೆ. ಕಲಬುರಗಿ ನಗರದಲ್ಲಿ ಕಚೇರಿಗೆ ಹೋಗುವವರಿಗೆ ಬಸ್ಸಿನ ಹೊತ್ತು ಇದೆ. ಆಳಂದದಿಂದ ಕಲಬುರಗಿಗೆ ಹೋಗಿಬರುವವರು ಒಂದು ಕಂತನ್ನು ಆರಾಮಾಗಿ ಮುಗಿಸುತ್ತಾರೆ.

ನೋವಿನ ವರದಿ ಕೊಡುವಾಗ

ಒಳ್ಳೆಯ ದೊಡ್ಡ ವರದಿಗಳಲ್ಲಿ ಬಹುಪಾಲು ನೋವಿನವೇ. ಜಾತಿ ದೌರ್ಜನ್ಯ, ರೈತರ ಆತ್ಮಹತ್ಯೆ, ಹೆರಿಗೆಯಲ್ಲಿ ಸತ್ತ ತಾಯಿ, ಗುಂಡಿಗೆ ಇಳಿದು ಸತ್ತ ಪೌರಕಾರ್ಮಿಕ. ಇವನ್ನು ಕೊಡುವ ಮುಂಚೆ ಆ ಮನೆಯ ಸಂಗತಿ ಗೊತ್ತಿರಬೇಕು. ಹಳ್ಳಿಯಲ್ಲಿ ಅದು ಗೊತ್ತೇ ಇರುತ್ತದೆ, ನಗರದಲ್ಲಿ ಕೇಳಿ ತಿಳಿಯಬೇಕಾಗುತ್ತದೆ.

ಸಾಲದಿಂದ ಜೀವ ಕಳೆದುಕೊಂಡವರ ಮನೆಯ ಒಬ್ಬ ತಂಗಿ ನಮ್ಮಲ್ಲಿಗೆ ಓದಲು ಬರುತ್ತಾಳೆ. ರೈತ ಆತ್ಮಹತ್ಯೆಯ ಬಗ್ಗೆ ನನ್ನ ಫೈಲಿನಲ್ಲಿ ಒಳ್ಳೆಯ ವರದಿಗಳಿವೆ. ನಾನಾಗಿ ಅವನ್ನು ಅವಳ ಮುಂದೆ ಇಡಲಿಲ್ಲ. ಒಂದು ದಿನ ಅವಳೇ, ‘ಅಕ್ಕಾ, ಬ್ಯಾರೆ ಮನ್ಯಾಗಿನ ಹೆಣ್ಮಕ್ಕಳು ಆಮ್ಯಾಲೆ ಹ್ಯಾಂಗ್ ಜೀವನ ಮಾಡ್ಯಾರ, ಯಾರರ ಬರದಾರೇನ್ರಿ?’ ಎಂದು ಕೇಳಿದಳು. ಸಾವಿನ ಬಗ್ಗೆ ಬರೆದದ್ದು ಅವಳಿಗೆ ಬೇಕಿರಲಿಲ್ಲ. ಗಂಡ ಹೋದ ಮೇಲೆ ಪರಿಹಾರಕ್ಕೆ ಅಲೆದವರು, ಪಹಣಿ ತಮ್ಮ ಹೆಸರಿಗೆ ಮಾಡಿಸಿಕೊಂಡವರು, ಸಾಲ ಕೊಟ್ಟವರಿಗೆ ಉತ್ತರ ಹೇಳಿದವರು, ಅಂಥ ಹೆಂಗಸರ ಬಗ್ಗೆ ‘ಪರಿ’ಯಲ್ಲಿ ಇದ್ದ ವರದಿಯನ್ನು ತೆಗೆದುಕೊಟ್ಟೆ. ಅವಳು ಅದನ್ನು ಅಲ್ಲಿಯೇ ಕೂತು ಓದಿದಳು, ಪರಿಹಾರದ ಅರ್ಜಿಗೆ ಏನೇನು ಕಾಗದ ಬೇಕೆಂದು ಬರೆದುಕೊಂಡಳು. ಕೇಳುವ ತನಕ ಕಾಯಿರಿ, ಕೇಳಿದಾಗ ಸರಿಯಾಗಿ ಏನು ಕೇಳಿದರು ಎಂದು ಕಿವಿಗೊಡಿ. ಇಂಥ ವರದಿಯ ಚೀಟಿಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಎಂದು ನಾನು ತಪ್ಪದೆ ಬರೆಯುತ್ತೇನೆ. ಅದು ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಜಾತಿಯ ಬಗ್ಗೆ ಇರುವ ವರದಿ ಇನ್ನೂ ಸೂಕ್ಷ್ಮ. ಅನ್ಯಾಯ ಅನುಭವಿಸಿದ ಓಣಿಯವರಿಗೆ ಅವರ ನೋವಿನದೇ ವರದಿ ಕೊಟ್ಟು ‘ಓದಿ’ ಎನ್ನುವುದರಲ್ಲಿ ಅರ್ಥವಿಲ್ಲ. ಅವರಿಗೆ ಅದು ಗೊತ್ತು. ಆ ವರದಿ ತಲುಪಬೇಕಾದದ್ದು ಊರ ಇನ್ನೊಂದು ತುದಿಗೆ. ಅಲ್ಲಿ ಕೊಡುವಾಗ ನಾನು ದೂರದ ಊರಿನ ವರದಿಯಿಂದ ಆರಂಭಿಸುತ್ತೇನೆ. ನಮ್ಮ ತಾಲ್ಲೂಕಿನದು ಕೊಟ್ಟರೆ ಓದುವ ಮೊದಲೇ ಯಾರ ಹೊಲ, ಯಾರ ಮನೆ ಎಂಬ ಮಾತಿಗೆ ಹೋಗುತ್ತದೆ. ದೂರದ್ದನ್ನು ಓದಿ ಮುಗಿಸಿದವರು ಒಂದೆರಡು ದಿನ ಬಿಟ್ಟು, ತಾವಾಗಿಯೇ ದನಿ ತಗ್ಗಿಸಿ, ‘ನಮ್ಮಲ್ಲೂ ಅದ ಬಿಡ್ರಿ’ ಎಂದದ್ದುಂಟು.

ಕೊಟ್ಟ ಮೇಲೆ

‘ಓದಿದ್ರೇನ್ರಿ?’ ಎಂದು ಕೇಳಬೇಡಿ. ಓದದವರು ನಾಳೆಯಿಂದ ನಿಮ್ಮ ಕಣ್ಣು ತಪ್ಪಿಸುತ್ತಾರೆ. ‘ಎಲ್ಲಿ ತನಕ ಬಂದ್ರಿ?’ ಎಂದು ಕೇಳಿ. ಎಲ್ಲಿ ನಿಲ್ಲಿಸಿದರು ಎಂಬುದು ಬಹಳ ಹೇಳುತ್ತದೆ. ಒಂದೇ ಜಾಗದಲ್ಲಿ ಇಬ್ಬರು ನಿಲ್ಲಿಸಿದ್ದರೆ ಆ ಜಾಗದ ಬಗ್ಗೆ ಚೀಟಿಗೆ ಇನ್ನೊಂದು ಸಾಲು ಸೇರಿಸಿ. ಅರ್ಧಕ್ಕೆ ಬಿಟ್ಟವರಿಂದ ವರದಿಯನ್ನು ವಾಪಸ್ ತೆಗೆದುಕೊಂಡು ಇನ್ನೊಂದು ಕೊಡಿ, ಬೇಸರ ಬೇಡ.

ಓದುಗರು ವರದಿಯನ್ನು ಒಪ್ಪದೆ ಹೋದಾಗ ನನಗೆ ಸಂತೋಷವಾಗುತ್ತದೆ. 2022–23ರಲ್ಲಿ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಡಿದು ಹೊಲಕ್ಕೆ ಹೊಲವೇ ಒಣಗಿ ನಿಂತಿತ್ತು. ಅದರ ಬಗ್ಗೆ ಪತ್ರಿಕೆಯಲ್ಲಿ ಬಂದ ಬರಹವೊಂದು ಎಲ್ಲವನ್ನೂ ಮಳೆಯ ಮೇಲೆ ಹಾಕಿತ್ತು. ಒಬ್ಬ ಕಾಕಾ ಓದಿ, ‘ಮಳಿ ಒಂದೇ ಅಲ್ಲವ್ವಾ, ವರ್ಷಾ ವರ್ಷಾ ಅದೇ ಹೊಲಕ್ಕ ಅದೇ ತೊಗರಿ ಹಾಕ್ತೀವಿ, ರೋಗ ಮಣ್ಣಾಗೇ ಕುಂತದ’ ಎಂದರು. ಅವರ ಮಾತು ಸರಿ. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೆಳೆ ಬದಲಿಸಿ, ಟಿಎಸ್‌3ಆರ್‌ನಂಥ ರೋಗ ತಡೆಯುವ ತಳಿ ಹಾಕಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಅದಕ್ಕೇ. ಕಾಕಾನ ಮಾತನ್ನು ನಾನು ಬರಹದ ಅಂಚಿನಲ್ಲಿ ಬರೆದೆ. ಈಗ ಆ ಬರಹವನ್ನು ಯಾರಿಗೆ ಕೊಟ್ಟರೂ ಅಂಚಿನ ಮಾತಿನ ಸಮೇತ ಕೊಡುತ್ತೇನೆ.

ಹಳೆಯ ವರದಿ ಕೊಡುವಾಗ ಆಮೇಲೆ ಏನಾಯಿತು ಎಂದು ಹುಡುಕಿ ಹೇಳಬೇಕು. ಹರ್ಸಿ ಸುಮಾರು ನಲವತ್ತು ವರ್ಷದ ಮೇಲೆ ಆ ಆರು ಜನರ ಬದುಕು ಏನಾಯಿತೆಂದು ಮತ್ತೆ ಹೋಗಿ ನೋಡಿ 1985ರಲ್ಲಿ ಇನ್ನೊಂದು ಅಧ್ಯಾಯ ಬರೆದರು. ಎಲ್ಲ ವರದಿಗೂ ಅಂಥ ಭಾಗ್ಯ ಇರುವುದಿಲ್ಲ. ಮುಚ್ಚಿಹೋದ ಯೋಜನೆ, ಬದಲಾದ ಕಾಯ್ದೆ, ತೀರಿಹೋದ ಜನ, ಇವನ್ನು ನೀವೇ ಚೀಟಿಯ ಹಿಂದೆ ಬರೆಯಿರಿ. ಇಲ್ಲದಿದ್ದರೆ ಓದುಗರು ಇಂದಿನ ಸಂಗತಿ ಎಂದೇ ತಿಳಿದು ಇನ್ನೊಬ್ಬರಿಗೆ ಹೇಳುತ್ತಾರೆ.

ಕೆಲವು ತಿಂಗಳು ಹೀಗೆ ಮಾಡಿದ ಮೇಲೆ ಓದುಗರು ನಿಮಗೆ ವರದಿ ತಂದುಕೊಡಲು ಶುರುಮಾಡುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯೊಬ್ಬರು ದವಾಖಾನೆಯಲ್ಲಿ ಕಾಯುತ್ತ ಕೂತಾಗ ಓದಿದ್ದೆಂದು, ಬಾಣಂತಿಯರ ಊಟದ ಪಥ್ಯದ ಬಗ್ಗೆ ಇದ್ದ ಪುರವಣಿಯ ಪುಟವನ್ನು ಮಡಚಿ ತಂದರು. ‘ಇದು ನಿಮಗ ಅಲ್ರಿ ಅಕ್ಕಾ, ಆ ಹೊಸ ಸೊಸಿಯ ಅತ್ತಿ ಕೈಯಾಗ ಕೊಡ್ರಿ’ ಎಂದರು. ಯಾರಿಗೆ ಕೊಡಬೇಕೆಂದು ಅವರೇ ಆರಿಸಿದ್ದರು. ನಾನು ವಹಿಯಲ್ಲಿ ಹೊಸ ಕಾಲಂ ಎಳೆದೆ: ಯಾರು ಸೂಚಿಸಿದರು. ಹಾಗೆ ಯಾರಾದರೂ ತಂದುಕೊಟ್ಟರೆ ಅವತ್ತೇ ಪೂರ್ತಿ ಓದಿ, ಮರುದಿನ ಅವರಿಗೆ ನಿಮ್ಮ ಅನಿಸಿಕೆ ಹೇಳಿ, ಒಪ್ಪದ ಮಾತಿದ್ದರೆ ಅದನ್ನೂ ಹೇಳಿ, ಆಮೇಲೆ ಚೀಟಿ ಬರೆಯಲು ಪೆನ್ನನ್ನು ಅವರ ಕೈಗೇ ಕೊಡಿ.